ಗೂಡಿನಲ್ಲಿಟ್ಟಿದ್ದ ಬಳಪದ ಕಲ್ಲು

ಬೆಳಗಾವಿಯಿಂದ ಖಾನಾಪುರದವರೆಗೂ ಬಸ್ಸಿನಲ್ಲಿ ನಾನು ನೆಟ್ಟಗೆ ಕೂರಲಿಲ್ಲ. ಬಳಪದ ಕಲ್ಲಿಗೆ ಅಂಟುಪಟ್ಟಿ ಹಚ್ಚಿ, ಕೂದಲಿಗಿಂತ ಸಾವಿರ ಪಾಲು ತೆಳುವಾದ ಪದರು ಕೀಳುವುದು ಪ್ರಯೋಗಾಲಯದಲ್ಲಿ ನನ್ನ ಕೆಲಸ. ಎರಡು ವರ್ಷದಲ್ಲಿ ಒಂದೇ ಒಂದು ಪದರು, ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ನಾನು ಬಯಸಿದಂತೆ ತನ್ನೊಳಗೆ ಹಿಡಿದು ಹರಿಸಿತ್ತು. ನಿನ್ನೆ ಆ ಪದರು ಹರಿದು ಚೂರಾಯಿತು. ಅದನ್ನು ಕಿತ್ತಿದ್ದ ಕಲ್ಲಿನ ಉಳಿದ ಅರ್ಧವನ್ನು ಹೋದ ತಿಂಗಳು ತವರುಮನೆಯ ಗೋಡೆಗೂಡಿನಲ್ಲಿ ಇಟ್ಟು ಬಂದಿದ್ದೆ.

ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದೆ. ಗೂಡು ಖಾಲಿ.

"ಶೀತಲ, ಇಲ್ಲಿದ್ದ ಬಿಳೀ ಕಲ್ಲ ಎಲ್ಲೈತಿ?"

ತಮ್ಮನ ಹೆಂಡತಿ, ಆರು ತಿಂಗಳ ಬಸುರಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು. ತುಟಿಯಂಚಿನಲ್ಲಿ ಬಿಳಿ ಪುಡಿ ಉಳಿದಿತ್ತು.

"ತಿಂದೇನ?"

"ಭಾಳ ಆಶಾ ಆತ್ರಿ ಅಕ್ಕಾರ. ಸಾಲಿ ಬಳಪ ಅಂತ ತಿಳಕೊಂಡ್ನಿ." ಅವಳು ಮುಷ್ಟಿ ಬಿಚ್ಚಿದಳು. ಹಲ್ಲಿನ ಗುರುತಿದ್ದ, ಉಗುರಿನಷ್ಟು ತುಂಡು.

"ಅದು ಯಾತಕ್ಕಿತ್ತು ಗೊತ್ತೈತೇನ ನಿನಗ?" ಎಂದು ಚೀರಿ ಕಸಿದುಕೊಂಡೆ. ದುಪಟ್ಟಾಕ್ಕೆ ಒರೆಸಿ ಕಿಟಕಿಯ ಬೆಳಕಿಗೆ ಹಿಡಿದೆ. ಸಾಕು, ಇದರಲ್ಲೇ ಪದರು ಕೀಳಬಹುದು.

ಆಮೇಲೆ ಅವಳ ಕೈ ಕಣ್ಣಿಗೆ ಬಿತ್ತು. ಇನ್ನೂ ಚಾಚಿಕೊಂಡೇ ಇದ್ದ ಆ ಅಂಗೈ ಕಲ್ಲಿನಷ್ಟೇ ಬೆಳ್ಳಗಿತ್ತು. ರಕ್ತ ಕಡಿಮೆಯಾದ ಬಸುರಿಯರು ಬಳಪ ತಿನ್ನುತ್ತಾರೆಂದು ನನಗೇನು ಗೊತ್ತಿರಲಿಲ್ಲವೇ?

"ದವಾಖಾನ್ಯಾಗ ಕೊಟ್ಟ ರಕ್ತದ ಗುಳಿಗಿ ತಗೋತಿ ಹೌದಿಲ್ಲೊ?"

"ವಾಂತಿ ಆಗತೈತಂತ ಬಿಟ್ಟೇನ್ರಿ. ನೀವು ಕಲ್ಲ ಇಡಾಕ ಬಂದ ದಿನಾನ ನಿಮಗ ಹೇಳಿದ್ನೆಲ್ರಿ," ಎಂದಳು ಶೀತಲ. "ಹೂಂ ಅಂದಿದ್ರಿ."