ಅಂಜಿಕಿಗೊಂದು ಭಾರಿ ಪದ

ಸವದತ್ತಿಯ ತಹಶೀಲ್ದಾರ ಕಚೇರಿಯ ಎದುರು ಕೂತು ಅರ್ಜಿ ಬರೆಯುವ ಗಂಗಯ್ಯನವರಿಗೆ ಒಂದು ಚಟವಿತ್ತು. ಹಳ್ಳಿಯ ಮಾತನ್ನು ಇದ್ದಂತೆ ಬರೆದರೆ ಅವರಿಗೆ ಸಮಾಧಾನವಿಲ್ಲ. 'ದನ ಸತ್ತೈತಿ' ಎಂದರೆ 'ಜಾನುವಾರು ಮರಣ ಹೊಂದಿರುತ್ತದೆ' ಆಗಬೇಕು. 'ಬೈದಾನ' ಎಂದರೆ 'ಅವಾಚ್ಯ ಶಬ್ದಗಳಿಂದ ನಿಂದಿಸಿರುತ್ತಾನೆ' ಆಗಬೇಕು. ಓದಿದ ಸಾಹೇಬರು ತಲೆದೂಗಬೇಕು. ಮೂವತ್ತು ವರ್ಷ ತಲೆದೂಗಿದ್ದರು ಕೂಡ, ಹಾಗಾಗಿ ಗಂಗಯ್ಯನವರ ಗರ್ವಕ್ಕೆ ಯಾರೂ ಮೂಗುದಾರ ಹಾಕಿರಲಿಲ್ಲ.

ಆ ಸೋಮವಾರ ದುರ್ಗಾ ಎಂಬ ಹೆಂಗಸು ಬಂದು ಎದುರಿಗೆ ಕೂತಳು. ಮುರಗೋಡದ ಆಚೆಯ ಹಳ್ಳಿಯವಳು. ಮಗ ಅರ್ಜುನ, ಪಂಪ್‌ಸೆಟ್ಟಿನ ಸುಟ್ಟ ಮೋಟಾರು ರಿಪೇರಿ ಮಾಡುವವನು, ಒಂಬತ್ತು ದಿನದಿಂದ ಒಳಗಿದ್ದಾನೆ. ದೊಡ್ಡ ಕಲಮು ಹಚ್ಚಿದ್ದಾರೆ, ಜಾಮೀನು ಕಷ್ಟ ಎಂದು ವಕೀಲರು ಹೇಳಿದ್ದಾರೆ. ಮಗನನ್ನು ಬಿಡಿಸಲು ಅರ್ಜಿ ಬರೆದುಕೊಡಿ ಎಂದು, ಸೆರಗಿನ ಗಂಟಿನಿಂದ ಫಿರ್ಯಾದಿನ ಪ್ರತಿ ತೆಗೆದುಕೊಟ್ಟಳು.

ಮೊದಲ ಸಾಲಿಗೇ ಗಂಗಯ್ಯನವರಿಗೆ ತಮ್ಮ ಕನ್ನಡದ ಗುರುತು ಸಿಕ್ಕಿತು. 'ಸದರಿ ಅರ್ಜುನನು ಗ್ರಾಮದಲ್ಲಿ ಭಯೋತ್ಪಾದನೆ ಮಾಡಿರುತ್ತಾನೆ.' ಆ ಪದದ ಕೆಳಗೆ ಯಾರೋ ಕೆಂಪು ಗೆರೆ ಎಳೆದಿದ್ದರು.

ಫಿರ್ಯಾದು ಬರೆಸಿಕೊಂಡು ಹೋಗಿದ್ದವನು ಅದೇ ಊರಿನ ಜಮೀನ್ದಾರ ಶ್ರೀಶೈಲ. ಅವನು ಹೇಳಿದ್ದು, ಊರ ಮಂದಿಗೆ ಅಂಜಿಕಿ ಹುಟ್ಟಿಸ್ಯಾನ ಎಂದು. ಅಂಜಿಕಿ ಎಂದರೆ ಭಯ, ಹುಟ್ಟಿಸುವುದೆಂದರೆ ಉತ್ಪಾದನೆ. ಎರಡನ್ನೂ ಸಂಧಿ ಮಾಡಿ, ಎಂಥ ತೂಕದ ಮಾತು ಬಿತ್ತು ಎಂಬ ಖುಷಿಗೆ ಗಂಗಯ್ಯನವರು ಅಂದು ಚಹಾ ತರಿಸಿಕೊಂಡು ಕುಡಿದಿದ್ದರು. ಟಿವಿಯಲ್ಲಿ ದಿನಾ ಕೇಳುವ ಪದ ಅದೇ ಎಂಬುದು ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಬರೆಯುತ್ತಿದ್ದರೇನೋ, ಅದನ್ನು ನೆನೆದೇ ಅವರಿಗೆ ಈಗ ಹೆಚ್ಚು ನಾಚಿಕೆಯಾಯಿತು.

ನಡೆದದ್ದೇನು ಎಂದು ದುರ್ಗಾಳನ್ನು ಕೇಳಿದರು. ತನ್ನ ಬಾಗಿಲ ಮುಂದೆ ಹೆಣ ಇಟ್ಟು ಕೂತರೆಂಬುದನ್ನಷ್ಟೇ ಶ್ರೀಶೈಲ ಹೇಳಿದ್ದ. ಇವಳು ಉಳಿದದ್ದನ್ನು ಹೇಳಿದಳು. ಅವರ ಕೇರಿಯ ಸುಡುಗಾಡಿಗೆ ಹೋಗುವ ದಾರಿ ಶ್ರೀಶೈಲನ ಹೊಲದ ಬದುವಿನ ಮೇಲೆ. ಎರಡು ವರ್ಷದ ಹಿಂದೆ ಅವನು ಅದಕ್ಕೆ ತಂತಿಬೇಲಿ ಹಾಕಿದ, ಅದರಲ್ಲಿ ಕರೆಂಟು ಬಿಟ್ಟೇನಿ ಎಂದೂ ಹೇಳಿಸಿದ. ಮಕ್ಕಳನ್ನು ಆ ಕಡೆ ಕಳಿಸುವುದೇ ನಿಂತುಹೋಯಿತು. ಹತ್ತು ದಿನದ ಹಿಂದೆ ಅತ್ತೆ ಕೆಂಪವ್ವ ತೀರಿಕೊಂಡಾಗ ಅರ್ಜುನ ನಾಲ್ವರನ್ನು ಕಟ್ಟಿಕೊಂಡು, ಅಜ್ಜಿಯ ಹೆಣವನ್ನು ಶ್ರೀಶೈಲನ ಬಾಗಿಲ ಮುಂದೆ ಇಳಿಸಿದ. ಕಲ್ಲು ಎಸೆಯಲಿಲ್ಲ, ಕೂಗಾಡಲಿಲ್ಲ, ಬೇಲಿ ತೆಗೆಯುವತನಕ ಏಳುವುದಿಲ್ಲ ಎಂದು ಕೂತ. ಓಣಿಯವರು ಅಂಜಿ ಬಾಗಿಲು ಹಾಕಿಕೊಂಡರು.

ಎರಡು ವರ್ಷ ಒಂದು ಕೇರಿಗೆ ಕೇರಿಯೇ ತಂತಿಗೆ ಅಂಜಿ ಬದುಕಿತ್ತು. ಆ ಅಂಜಿಕಿಗೆ ಯಾರೂ ಹೆಸರಿಟ್ಟಿರಲಿಲ್ಲ. ಒಂದು ಮುಂಜಾನೆಯ ಅಂಜಿಕಿಗೆ ಮಾತ್ರ ಗಂಗಯ್ಯನವರು ನಾಮಕರಣ ಮಾಡಿ ಕೂತಿದ್ದರು.

ನಾಳೆ ಬಾರವ್ವ ಎಂದು ಅವಳನ್ನು ಕಳಿಸಿ, ಮಧ್ಯಾಹ್ನದ ಬಸ್ಸಿಗೆ ತಾವೇ ಶ್ರೀಶೈಲನ ಮನೆಗೆ ಹೋದರು. ಆ ಪದ ನನ್ನದು, ನೀನು ಹೇಳಿದ್ದಲ್ಲ, ತಪ್ಪಾಗಿದೆ ಎಂದು ಬರೆದುಕೊಡಪ್ಪ ಎಂದು ಕೇಳಿಕೊಂಡರು. ಶ್ರೀಶೈಲ ಖುರ್ಚಿ ಕೊಟ್ಟ, ಹಾಲು ಕೊಟ್ಟ, ಕೊನೆತನಕ ಕೇಳಿದ.

"ತಪ್ಪ್ಯಾಕಂತೀರಿ ಅಯ್ಯಾರ? ಅಂವ ಮಾಡಿದ್ದಕ್ಕ ಏನಂತಾರ ಅಂತ ನನಗ ಹೊಳದಿರಲಿಲ್ಲ. ನೀವು ಬರದ ಮ್ಯಾಲ ಖರೆ ಅನಿಸ್ತು."

ಗಂಗಯ್ಯನವರು ಹಾಲಿನ ಲೋಟ ಕೆಳಗಿಟ್ಟರು. ಎದ್ದು ಬಂದರು.

ಮರುದಿನ ದುರ್ಗಾಳಿಗೆ ಏನನ್ನೂ ಮುಚ್ಚಿಡದೆ ಹೇಳಿದರು. ಅವಳು ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಪದ ನನ್ನದೆಂದು ಕೋರ್ಟಿಗೆ ನಾನೇ ಬರೆದುಕೊಡುತ್ತೇನೆ ಎಂದದ್ದಕ್ಕೆ, ಕೊಡ್ರಿ ಎಂದಳು. ಅವರು ಕಾಗದ ಎಳೆದುಕೊಂಡು 'ಮಾನ್ಯರಲ್ಲಿ ಸವಿನಯ ಪ್ರಾರ್ಥನೆ' ಎಂದು ಶುರುಮಾಡುವಷ್ಟರಲ್ಲಿ ಅವಳು ಹಾಳೆಯ ಮೇಲೆ ಕೈಯಿಟ್ಟಳು.

"ಅಯ್ಯಾರ, ನಾ ಹೇಳಿದ್ದಷ್ಟ ಬರೀರಿ. ನಿಮ್ಮ ಮಾತು ಒಂದೂ ಬ್ಯಾಡ."

ಬೇರೆ ಹಾಳೆ ತೆಗೆದುಕೊಂಡರು. ಅವಳು ಹೇಳಿದಳು, ಅವರು ಬರೆದರು: ನಮ್ಮತ್ತಿ ಸತ್ತಿದ್ಲು, ಮಣ್ಣು ಮಾಡಾಕ ದಾರಿ ಇರಲಿಲ್ಲ. ಒಂದಕ್ಷರ ತಿದ್ದಲಿಲ್ಲ. ಮುಗಿದ ಮೇಲೆ ಓದಿ ಹೇಳಲೇ ಎಂದು ಕೇಳಿದರೆ ದುರ್ಗಾ ಬೇಡವೆಂದಳು. ಕಾಗದ ತೆಗೆದುಕೊಂಡು ರಸ್ತೆ ದಾಟಿ, ಝೆರಾಕ್ಸ್ ಅಂಗಡಿಯ ಹುಡುಗಿಯ ಕೈಗೆ ಕೊಟ್ಟು, ಇದರಾಗ ಏನೈತಿ ಓದವ್ವಾ ಎಂದು ಕಿವಿಗೊಟ್ಟು ನಿಂತಳು.