ಗಾಜಿನ ಮೇಲೆ ಹಾಲು

ನನ್ನ ತಮ್ಮ ದಾಮ್ದಿನ್ ಕುಡಿಯುವುದನ್ನು ಬಿಟ್ಟು ವರ್ಷವಾಗುತ್ತ ಬಂದಿತ್ತು. ಅವನು ಬಿಟ್ಟದ್ದನ್ನು ಅವನ ಕಾರು ಹಿಡಿದುಕೊಂಡಿದೆ ಎಂದು ಊರಿನ ಡ್ರೈವರುಗಳೆಲ್ಲ ಆಡಿಕೊಂಡು ನಗುತ್ತಿದ್ದರು. ಸುಳ್ಳೇನಲ್ಲ. ಚಳಿಗಾಲದಲ್ಲಿ ಮುಂದಿನ ಗಾಜು ತೊಳೆಯುವ ವೈಪರ್ ಡಬ್ಬಕ್ಕೆ ನೀರು ಹಾಕಿದರೆ ಕಾರು ಅಂಗಳ ದಾಟುವುದರೊಳಗೆ ಅದು ಕಲ್ಲಾಗಿರುತ್ತದೆ. ಹೆಪ್ಪುಗಟ್ಟುವುದಿಲ್ಲ ಎಂದು ಅಂಗಡಿಯಲ್ಲಿ ಮಾರುವ ನೀಲಿ ನೀರಿಗೂ ಯಾರೋ ಪುಣ್ಯಾತ್ಮರು ಬಾವಿ ನೀರು ಬೆರೆಸಿರುತ್ತಾರೆ, ಅದೂ ಹೆಪ್ಪುಗಟ್ಟುತ್ತದೆ. ಹಾಗಾಗಿ ನಮ್ಮೂರಿನವರೆಲ್ಲ ಅಗ್ಗದ ವೋಡ್ಕಾ ತಂದು ಡಬ್ಬಕ್ಕೆ ಸುರಿಯುತ್ತಾರೆ. ದಾಮ್ದಿನ್ ಸುರಿಯುವಾಗ ಮಾತ್ರ ಮುಖ ಅತ್ತ ತಿರುಗಿಸಿಕೊಂಡು ಸುರಿಯುತ್ತಿದ್ದ.

ಹಿಂದಿನ ಚಳಿಗಾಲ ಅವನು ಕುಡಿದ ಮತ್ತಿನಲ್ಲಿ ಕಾರನ್ನು ಹೊಳೆಯ ಮಂಜುಗಡ್ಡೆಯ ಮೇಲೆ ಇಳಿಸಿಬಿಟ್ಟಿದ್ದ. ಹಿಂದಿನ ಸೀಟಿನಲ್ಲಿ ಮಗಳು ಇವೇಲ್ ಮಲಗಿದ್ದಳು. ಅವಳಿದ್ದಾಳೆ ಎನ್ನುವುದೇ ಆ ದರಿದ್ರದವನಿಗೆ ಮರೆತುಹೋಗಿತ್ತು. ಮಂಜುಗಡ್ಡೆ ಒಡೆಯಲಿಲ್ಲ, ದೇವರು ದೊಡ್ಡವನು. ಆದರೆ ಅವನ ಹೆಂಡತಿ ಸೊಲೊಂಗೊ ಮರುದಿನವೇ ಮಗುವನ್ನು ಎತ್ತಿಕೊಂಡು ತವರಿಗೆ ಹೋದಳು. ಅವಳ ತಾಯಿ ದೆಜಿದಮ್ಮ ಹೇಳಿಕಳಿಸಿದ ಮಾತು ಇಷ್ಟೇ: "ವರ್ಷ ಪೂರ್ತಿ ಮುಟ್ಟದೆ ಇದ್ದು ಹೊಸ ವರ್ಷದ ಹಬ್ಬದ ಮುಂಚೆ ಬಾ. ಕೆನ್ನೆ ಮೂಸಿ ನೋಡ್ತೀನಿ. ಆ ವಾಸನೆ ಬಂತೋ, ನನ್ ಮಗಳು ಇಲ್ಲೇ ಇರ್ತಾಳೆ, ನೀನು ಬಂದ ದಾರೀಲೇ ಹೋಗು."

ನಮ್ಮಲ್ಲಿ ಹಿರಿಯರು ಕಿರಿಯರ ಕೆನ್ನೆ ಮೂಸಿಯೇ ಅಲ್ಲವೇ ಮುದ್ದಿಸುವುದು. ಆ ಮುದ್ದನ್ನೇ ಪರೀಕ್ಷೆ ಮಾಡಿದ್ದಳು ಮುದುಕಿ.

ಹೊರಡುವ ದಿನ ದಾಮ್ದಿನ್ ನನ್ನನ್ನೂ ಕರೆದ. "ಅಕ್ಕಾ, ನೀನೂ ಬಾ. ಒಬ್ನೇ ಹೋದ್ರೆ ಬಾಯೇ ಬರಲ್ಲ ನಂಗೆ." ನನಗೇನು, ನನ್ನ ಬಾಯಿಗೆ ಇಡೀ ಊರೇ ಹೆದರುತ್ತದೆ. ಉಣ್ಣೆಯ ಉದ್ದ ನಿಲುವಂಗಿ ದೇಲ್ ತೊಟ್ಟು ಸೊಂಟಕ್ಕೆ ಪಟ್ಟಿ ಬಿಗಿದು ಹೊರಟೆ. ವೈಪರ್ ಡಬ್ಬ ಖಾಲಿಯಿತ್ತು. ಬೆಳಿಗ್ಗೆ ತುಂಬಿಸಲೆಂದು ಅವನು ವೋಡ್ಕಾ ಬಾಟಲಿಯನ್ನು ಬಾಗಿಲ ಹತ್ತಿರ ಇಟ್ಟಿದ್ದ. ನಾವು ಚಹಾ ಕುಡಿದು ಎದ್ದಾಗ ಅದು ಅಲ್ಲಿರಲಿಲ್ಲ.

"ನಾನೇ ಡಬ್ಬ ತುಂಬ್ಸಿದೀನಿ ಕಣೋ, ನೀನು ಹೊರಡು," ಎಂದಳು ಅಮ್ಮ. ಕಾರು ಹೊರಟಾಗ, ದಾರಿ ಶುಭವಾಗಲಿ ಎಂದು, ಮರದ ಸೌಟಿನಲ್ಲಿ ಹಾಲು ಮೊಗೆದು ನಮ್ಮ ಬೆನ್ನ ಹಿಂದೆ ಆಕಾಶಕ್ಕೆ ಚಿಮುಕಿಸಿದಳು. ಹನಿಗಳು ನೆಲ ಮುಟ್ಟುವ ಮೊದಲೇ ಕಾಳಾಗಿ ಉದುರಿದವು.

ಆ ದಿನದ ಬಯಲನ್ನು ನಾನು ಸಾಯುವತನಕ ಮರೆಯುವುದಿಲ್ಲ. ಗಾಳಿಯಲ್ಲೇ ಹಿಮದ ಪುಡಿ ನಿಂತು ಮಿನುಗುತ್ತಿತ್ತು. ಸೂರ್ಯನ ಎಡಕ್ಕೊಂದು ಬಲಕ್ಕೊಂದು ಮರಿಸೂರ್ಯ ಎದ್ದಿತ್ತು. ನೆಲ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ದೂರದಲ್ಲಿ ಕುದುರೆಗಳು ಕಾಲಿಲ್ಲದೆ ತೇಲುತ್ತಿದ್ದವು. ಕಾರು ಓಡುತ್ತಿದೆಯೋ ನಿಂತಿದೆಯೋ ಎಂದೇ ಅನುಮಾನವಾಗಿ ನಾನು ಸೀಟನ್ನು ಹಿಡಿದುಕೊಂಡೆ. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ, ಹಾಯಾಗಿತ್ತು.

"ಅಕ್ಕಾ, ನಿದ್ದೆ ಮಾಡ್ಬೇಡ. ಮುಂದೆ ಏನಾದ್ರೂ ಬರ್ತಿದ್ಯಾ ನೋಡು."

ನಮ್ಮದು ಹಳೇ ಜಪಾನಿ ಕಾರು, ಸ್ಟೀರಿಂಗ್ ಬಲಗಡೆ. ರಸ್ತೆಯಲ್ಲಿ ಓಡುವುದೂ ಬಲಗಡೆ. ಮುಂದಿನ ಲಾರಿಯನ್ನು ದಾಟಬೇಕಾದರೆ ಎದುರಿಗೆ ಏನು ಬರುತ್ತಿದೆ ಎಂದು ಓಡಿಸುವವನಿಗೆ ಕಾಣುವುದಿಲ್ಲ, ಎಡಗಡೆ ಕೂತವರೇ ಹೇಳಬೇಕು. ಆ ಸೀಟು ಸೊಲೊಂಗೊಳದು. ಅವಳು ಹೋದ ಮೇಲೆ ಇಡೀ ವರ್ಷ ಅವನು ಯಾರನ್ನೂ ದಾಟದೆ ಲಾರಿಗಳ ಬೆನ್ನು ನೋಡುತ್ತಲೇ ಓಡಿಸಿದ್ದ.

"ಯಾವ್ದೂ ಇಲ್ಲ, ನಡಿ," ಎಂದೆ. ಮುಂದೆ ಹೋಗುತ್ತಿದ್ದ ಕಲ್ಲಿದ್ದಲಿನ ಲಾರಿಯನ್ನು ದಾಟುವಾಗ ಅದು ನಮ್ಮ ಗಾಜಿನ ಮೇಲೆ ಕಪ್ಪು ಹಿಮ ಎರಚಿತು. ಲಾರಿ ಹಿಂದೆ ಬಿದ್ದ ಮೇಲೆ ದಾಮ್ದಿನ್ ಸ್ಟೀರಿಂಗ್ ಪಕ್ಕದ ವೈಪರ್ ಕಡ್ಡಿ ಎಳೆದ. ಚಿಳ್ ಎಂದು ಏನೋ ಚಿಮ್ಮಿತು, ಅಷ್ಟೇ! ಇಡೀ ಜಗತ್ತು ಬೆಳ್ಳಗಾಯಿತು. ಕಪ್ಪಲ್ಲ, ಬೂದಿಯಲ್ಲ, ಬಿಳಿ. ಮೂರು ಸೂರ್ಯರೂ ಆ ಬಿಳಿಯೊಳಗೆ ಕರಗಿ ಕಾರಿನೊಳಗೆಲ್ಲ ಮೆತ್ತನೆಯ ಬೆಳಕು ತುಂಬಿಕೊಂಡಿತು. ಮೊಟ್ಟೆಯೊಳಗಿನ ಮರಿಗೆ ಹೊರಗಿನ ಬೆಳಕು ಹೀಗೇ ಕಾಣುತ್ತದೋ ಏನೋ. ಹೆದರಿಕೆ ಆಮೇಲೆ ಬಂತು, ಮೊದಲು ಬಂದದ್ದು ಆಹಾ ಎನ್ನುವ ಭಾವವೇ.

"ಎಡಕ್ಕೆ ಬೇಡ್ವೋ! ಬಲಕ್ಕೆ, ಬಲಕ್ಕೆ! ನಿಲ್ಸೋ ಮಾರಾಯ!" ಎಂದು ನಾನು ಪಕ್ಕದ ಕಿಟಕಿಯಿಂದ ತಲೆ ಹೊರಗೆ ಹಾಕಿ ಅರಚಿದೆ. ಕಾರು ರಸ್ತೆ ಬದಿಯ ಹಿಮಕ್ಕೆ ಮೂತಿ ತೂರಿಸಿ ನಿಂತಿತು.

ಇಳಿದು ಗಾಜನ್ನು ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟುಕೊಂಡೆ. ಹಾಲು! ಪಕ್ಕದ ಗುಡ್ಡದ ನೆತ್ತಿಯಲ್ಲಿ, ದಾರಿಹೋಕರು ಪೇರಿಸಿದ ಕಲ್ಲುಗುಪ್ಪೆಯ ಹತ್ತಿರ ಮಾತ್ರ ಫೋನಿಗೆ ಸಿಗ್ನಲ್ ಸಿಗುತ್ತದೆ. ಏದುಸಿರು ಬಿಡುತ್ತ ಹತ್ತಿ ಅಮ್ಮನಿಗೆ ಫೋನ್ ಹಚ್ಚಿದೆ.

"ದಾರಿಗೆ ಹೊರಡೋ ಗಾಡಿಗೆ ಹಾಲಲ್ದೆ ಸಾರಾಯಿ ಹಾಕ್ತಾರೇನೇ?" ಎಂದಳು ಅಮ್ಮ. "ಆ ಬಾಟ್ಲಿ ಅವ್ನ ಕೈಗೆ ಸಿಗ್ಬಾರ್ದು ಅಂತ ಹಿಮದ ಮೇಲೆ ಚೆಲ್ಬಿಟ್ಟೆ. ಬಿಸಿ ಹಾಲೇ ಹಾಕಿದೀನಿ. ಇಂಜಿನ್ ಪಕ್ಕದಲ್ಲೇ ಇದ್ಯಲ್ಲ ಡಬ್ಬ, ಒಲೆ ಪಕ್ಕ ಇಟ್ಟ ಹಾಗೆ ಇರತ್ತೆ ಬಿಡು."

ಚಳಿಗಾಲವೆಲ್ಲ ಹಾಲನ್ನು ತಟ್ಟೆಗಳಲ್ಲಿ ಗಟ್ಟಿಮಾಡಿ ಕೊಟ್ಟಿಗೆಯಲ್ಲಿ ಜೋಡಿಸಿಡುವ ಹೆಂಗಸು ಇವಳು! ಬಯ್ಯಲು ಬಾಯಿ ತೆರೆದೆ, ಆಗಲಿಲ್ಲ. "ಆಯ್ತು ಬಿಡಮ್ಮ, ಚೆನ್ನಾಗಿ ಓಡ್ತಿದೆ ಗಾಡಿ," ಎಂದು ಫೋನ್ ಇಟ್ಟೆ.

ಕೆರೆದು ಅಂಗೈಯಗಲ ಕಿಂಡಿ ಮಾಡಿಕೊಂಡು ತೆವಳುತ್ತ ಒಂದು ಚಹಾದಂಗಡಿ ತಲುಪಿದೆವು. ನೀಲಿ ನೀರು ಇರಲಿಲ್ಲ. ವೋಡ್ಕಾ ಇತ್ತು. ದಾಮ್ದಿನ್ ಕಾರಿನಿಂದ ಇಳಿಯಲೇ ಇಲ್ಲ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ನಾನೇ ಒಳಗೆ ಹೋದೆ.

"ಬೆಳ್ಬೆಳಿಗ್ಗೇನೇ ಶುರುವೇನಕ್ಕಾ?" ಎಂದಳು ಅಂಗಡಿಯವಳು.

"ನಂಗಲ್ಲಮ್ಮ, ಗಾಜಿಗೆ."

"ಎಲ್ರೂ ಹಂಗೇ ಹೇಳ್ತಾರೆ."

ಅಷ್ಟರಲ್ಲಿ ಡಬ್ಬದೊಳಗೂ ಹಾಲು ಗಡ್ಡೆಕಟ್ಟಿದ್ದರಿಂದ ಅದರೊಳಕ್ಕೆ ಸುರಿದು ಪ್ರಯೋಜನವಿರಲಿಲ್ಲ. ಬಾಟಲಿಯನ್ನು ನನ್ನ ದೇಲ್‌ನ ಎದೆಯೊಳಗೆ ಸಿಕ್ಕಿಸಿಕೊಂಡೆ. ಗಾಜು ಮಸುಕಾದಾಗಲೆಲ್ಲ ಕಾರು ನಿಲ್ಲಿಸುವುದು, ಬಟ್ಟೆ ತೋಯಿಸಿ ಒರೆಸುವುದು, ಮತ್ತೆ ಹೊರಡುವುದು. ಅವನಿಗೆ ಬಾಟಲಿ ಮುಟ್ಟಲು ಕೊಡಲಿಲ್ಲ. ಹೀಗೇ ಹೋಗುತ್ತಿರುವಾಗ, ಮುಂದಿನ ನಿಲುಗಡೆಗೆಂದು ನಾನು ಮುಚ್ಚಳ ತಿರುವುತ್ತಿದ್ದೆ, ಚಕ್ರ ಹಳ್ಳಕ್ಕೆ ಇಳಿಯಿತು. ಬಾಟಲಿ ಕೈಯಿಂದ ಹಾರಿ ದಾಮ್ದಿನ್‌ನ ತೊಡೆಯ ಮೇಲೆ ಗಳಗಳನೆ ಸುರಿಯಿತು. ಹೊಸ ದೇಲ್, ತೋಳು, ಎದೆ, ಎಲ್ಲ ಒದ್ದೆ.

ಹೀಟರಿನ ಬಿಸಿಗೆ ಆ ವಾಸನೆ ಎದ್ದಿತು ನೋಡಿ! ನನ್ನ ತಲೆಯೇ ತಿರುಗಿತು. ಅವನ ಗಂಟಲು ಒಮ್ಮೆ ಮೇಲಕ್ಕೆ ಹೋಗಿ ಕೆಳಗಿಳಿಯಿತು. ಅವನು ಕಿಟಕಿ ಪೂರ್ತಿ ಇಳಿಸಿ ಮುಖವನ್ನು ಆ ಕೊರೆಯುವ ಗಾಳಿಗೆ ಒಡ್ಡಿಕೊಂಡು ಓಡಿಸತೊಡಗಿದ. ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾದವು. ಸಣ್ಣ ಹುಡುಗನಾಗಿದ್ದಾಗ ಕಳೆದುಹೋದ ಕುರಿಮರಿಯನ್ನು ಹಿಮದಲ್ಲಿ ಹುಡುಕಿಕೊಂಡು ಬಂದ ದಿನ ಹೀಗೇ ಕಂಡಿದ್ದ.

ದೂರದಲ್ಲಿ ದೆಜಿದಮ್ಮನ ಗುಡಾರದ ಹೊಗೆ ಕಂಡಿತು. ಬಾಟಲಿಯ ತಳದಲ್ಲಿ ಎರಡು ಗುಟುಕು ಉಳಿದಿತ್ತು.

"ಲೋ, ನಾನು ಕುಡಿದ್ಬಿಡ್ತೀನಿ," ಎಂದೆ. "ತೂರಾಡ್ತಾ ಇಳೀತೀನಿ. ಅಕ್ಕನೇ ಕುಡ್ದು ಮೈಮೇಲೆ ಚೆಲ್ಲಿದ್ಲು ಅಂತ ಹೇಳು. ನನ್ ಮಾನ ಹೋದ್ರೆ ಹೋಯ್ತು."

"ಬೇಡ ಅಕ್ಕಾ."

"ಮೂಸಿದ ತಕ್ಷಣ ಕತ್ತು ಹಿಡಿದು ಆಚೆ ತಳ್ತಾಳೆ ಕಣೋ ಆ ಮುದುಕಿ!"

"ತಳ್ಳಲಿ. ಸುಳ್ಳು ಹೇಳಿ ಹೇಳಿಯೇ ಅವ್ಳನ್ನ ಕಳ್ಕೊಂಡೆ. ಸುಳ್ಳು ಹೇಳಿ ಕರ್ಕೊಂಡ್ ಬರಲ್ಲ."

ದೆಜಿದಮ್ಮ ಹೊರಗೇ ನಿಂತಿದ್ದಳು. ಹಿಂದೆ ಬಾಗಿಲಲ್ಲಿ ಸೊಲೊಂಗೊ, ಅವಳ ಕಾಲಿಗೆ ಅಂಟಿಕೊಂಡ ಇವೇಲ್. ದಾಮ್ದಿನ್ ಹಿರಿಯರಿಗೆ ವಂದಿಸುವ ಪದ್ಧತಿಯಂತೆ ತಗ್ಗಿ ಎರಡೂ ಕೈಗಳನ್ನು ಅತ್ತೆಯ ಮೊಣಕೈಗಳ ಕೆಳಗೆ ಆಸರೆಯಾಗಿ ಹಿಡಿದ. ಅವಳು ಮೂಗನ್ನು ಕೆನ್ನೆಯ ಹತ್ತಿರ ತಂದಳು. ತಂದವಳು ಹಾಗೇ ನಿಂತುಬಿಟ್ಟಳು. ಸೊಲೊಂಗೊಳಿಗೂ ಅಷ್ಟರಲ್ಲಿ ವಾಸನೆ ಮುಟ್ಟಿರಬೇಕು, ಮಗುವನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು.

ನಾನು ಬಾಯಿ ತೆರೆದೆ. ಇಡೀ ಊರು ಹೆದರುವ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

"ಬಾಯಿ ಬಿಡು," ಎಂದಳು ದೆಜಿದಮ್ಮ.

ಕುದುರೆಯ ಹಲ್ಲು ನೋಡುವಾಗ ಹಿಡಿಯುವಂತೆ ಅವನ ಗಲ್ಲ ಹಿಡಿದಳು. ಅಷ್ಟು ದೊಡ್ಡ ಗಂಡಸು, ಹೆಂಡತಿ ಮಗಳ ಎದುರಿಗೆ, ಕಣ್ಣು ಮುಚ್ಚಿ ಬಾಯಿ ತೆರೆದು ನಿಂತ. ಅವಳು ಮೂಗನ್ನು ಒಳಗೇ ಇಟ್ಟಳೇನೋ ಅನ್ನುವಷ್ಟು ಹತ್ತಿರ ಹೋಗಿ ಉಸಿರೆಳೆದಳು. "ಚಹಾ," ಎಂದಳು. ಮತ್ತೊಮ್ಮೆ ಎಳೆದಳು. "ಒಣಮೊಸರಿನ ಗಡ್ಡೆ." ಆಮೇಲೆ ಅವನನ್ನು ಬಿಟ್ಟು ಕಾರಿನ ಹತ್ತಿರ ಹೋಗಿ ಗಾಜಿನ ಅಂಚಿನ ಬಿಳಿಯನ್ನು ಕೆರೆದು ಬಾಯಿಗೆ ಹಾಕಿಕೊಂಡಳು.

"ಯಾರು ಹಾಕಿದ್ದು ಹಾಲು?"

"ಅಮ್ಮ," ಎಂದ ದಾಮ್ದಿನ್. "ಆಮೇಲೆ ವೋಡ್ಕಾ ಕೊಂಡ್ವಿ. ಚೆಲ್ಲೋಯ್ತು." ಮುಂದೆ ಒಂದೂ ಮಾತು ಸೇರಿಸಲಿಲ್ಲ.

ಮುದುಕಿ ಬೆರಣಿ ಕೆಂಡವನ್ನು ಬಾಣಲೆಯಲ್ಲಿ ತಂದು ಡಬ್ಬದ ಕೆಳಗೆ ಇಡಿಸಿದಳು, ಇಂಜಿನ್ ಮೇಲೆ ಕಂಬಳಿ ಹೊದಿಸಿದಳು. ನಾವು ಒಳಗೆ ಬೂಜ್ ಎನ್ನುವ ಬಿಸಿ ಮಾಂಸದ ಕಡುಬು ತಿನ್ನುವ ಹೊತ್ತಿಗೆ ಅಮ್ಮನ ಹಾಲು ಕರಗಿ, ಬಿಚ್ಚಿಟ್ಟ ಕೊಳವೆಯಿಂದ ಹನಿಹನಿಯಾಗಿ ಹಿಮಕ್ಕೆ ಇಳಿಯುತ್ತಿತ್ತು. ಸೊಲೊಂಗೊ ಅವನ ಕಡೆ ನೋಡಲೂ ಇಲ್ಲ.

ಊಟ ಮುಗಿದ ಮೇಲೆ ದೆಜಿದಮ್ಮ ಪೆಟ್ಟಿಗೆ ತೆರೆದು, ಹಬ್ಬದ ನೆಂಟರಿಗೆಂದು ಇಟ್ಟಿದ್ದ ವೋಡ್ಕಾ ಬಾಟಲಿಯನ್ನು ತೆಗೆದಳು. ನಾನು ತಟ್ಟನೆ ಕೈಚಾಚಿದೆ. ಅವಳು ನನ್ನ ಕೈಯನ್ನು ಸರಿಸಿದಳು. ಎರಡೂ ಕೈಯಲ್ಲಿ ಹಿಡಿದು ಅದನ್ನು ಅಳಿಯನಿಗೆ ಕೊಟ್ಟಳು.

"ಹೋಗು, ನೀನೇ ತುಂಬ್ಸು. ಒಬ್ನೇ ಹೋಗು. ನನ್ ಮಗ್ಳು ಮೊಮ್ಮಗ್ಳು ಕೂರೋ ಗಾಡಿ ಅದು, ಗಾಜು ಚೆನ್ನಾಗಿ ಕಾಣ್ಬೇಕು."

ಅವನು ಬಾಟಲಿ ಹಿಡಿದು ಹೊರಗೆ ಹೋದ. ನಾವು ಹೆಂಗಸರು ಮೂವರೂ ಒಳಗೇ ಕೂತೆವು. ಸೊಲೊಂಗೊ ತಡೆಯಲಾರದೆ ಎದ್ದು ಬಾಗಿಲ ಸಂದಿಯಿಂದ ನೋಡಿದಳು. ನಾನು ಅವಳ ಬೆನ್ನನ್ನೇ ನೋಡುತ್ತಿದ್ದೆ. ಬಹಳ ಹೊತ್ತಾದ ಮೇಲೆ ಅವಳ ಭುಜ ಸಡಿಲವಾಯಿತು. ತಿರುಗಿದಾಗ ಕಣ್ಣು ತುಂಬಿತ್ತು.

"ಊರವ್ರು ಹೇಳೋ ಹಾಗೆ ಈ ಸಲ ಮುಖ ತಿರುಗಿಸ್ಲಿಲ್ಲ ಅತ್ತಿಗೆ," ಎಂದಳು. "ನೋಡ್ಕೊಂಡೇ ಸುರಿದ."

ಹೊರಡುವಾಗ ದೆಜಿದಮ್ಮ ಹಾಲಿನ ಸೌಟು ಹಿಡಿದು ಬಂದಳು. "ಚಕ್ರಕ್ಕೆ ಹಾಕಿ ಅಮ್ಮಾ, ಗಾಜಿಗೆ ಬೇಡ!" ಎಂದು ನಾನು ಕೂಗಿದೆ, ಬಾಯಿ ವಾಪಸ್ಸು ಬಂದಿತ್ತು. ಮುದುಕಿ ನಕ್ಕಳು. ನಾನು ಬರುವಾಗಿನಂತೆ ಎಡಗಡೆಯ ಬಾಗಿಲಿಗೆ ಕೈ ಹಾಕಿದರೆ, ಸೊಲೊಂಗೊ ಮಗುವನ್ನು ನನ್ನ ತೋಳಿಗೆ ಹಾಕಿ ತಾನು ಹತ್ತಿ ಕೂತಳು. ದಾಮ್ದಿನ್ ಕಡ್ಡಿ ಎಳೆದ. ಗಾಜಿನ ಮೇಲೆ ವೋಡ್ಕಾ ಹರಿದು ಬಯಲು ನಿಚ್ಚಳವಾಗಿ ಕಂಡಿತು.

"ಲಾರಿ ಬಂದ್ರೆ ನಾನು ಹೇಳ್ತೀನಿ," ಎಂದಳು ಸೊಲೊಂಗೊ, ರಸ್ತೆಯ ಕಡೆಯೇ ನೋಡುತ್ತ. "ನಡಿ."