ಒಬ್ಬರು ಹೋದರೆ ಸಾಕು

ದಿನ ತುಂಬುವ ಮೊದಲೇ ಹುಟ್ಟಿದ ಮಗು ಮೇಲಿನ ಮಹಡಿಯ ಗಾಜಿನ ಪೆಟ್ಟಿಗೆಯಲ್ಲಿ; ಅದನ್ನು ಹೆತ್ತು, ಹೊಲಿಗೆ ಇನ್ನೂ ಮಾಯದ ಅಕ್ಕ ಕೆಳಗಿನ ವಾರ್ಡಿನಲ್ಲಿ. ಇಬ್ಬರ ನಡುವೆ ಇದ್ದದ್ದು ಆಸ್ಪತ್ರೆಯ ಆ್ಯಪ್ ಒಂದೇ. ಅಕ್ಕನ ಮೊಬೈಲಿನಲ್ಲಿ ಮಗು ಕಾಣುತ್ತಿತ್ತು. ಆದರೆ ಆಗಾಗ ಪರದೆ ಕಪ್ಪಾಗಿ 'ಅನುಮತಿ ಇಲ್ಲ' ಎಂದು ಬರುತ್ತಿತ್ತು. ಆಗೆಲ್ಲ ಅವಳ ಜೀವ ಬಾಯಿಗೆ ಬರುತ್ತಿತ್ತು. ಅದಕ್ಕೇ ರೆಪ್ಪೆ ಮುಚ್ಚದೆ ನೋಡುತ್ತಿದ್ದಳು.

"ಮಗೂಗೇನೂ ಆಗಿಲ್ಲಕ್ಕ, ಆ್ಯಪ್ ಕೆಟ್ಟಿದೆ ಅಷ್ಟೇ," ಎಂದಳು ತಂಗಿ.

"ಬರೆದವಳು ನೀನೇ ತಾನೇ?"

ಮಾತು ನಾಟಿತು. ತಂಗಿ ಬಾಗಿಲ ಬಳಿಯ ಬೆಂಚಿನಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕುಳಿತಳು. ಮಗುವನ್ನು ನೋಡಲು ಸರ್ವರ್ ಒಂದು ಟೋಕನ್, ಅಂದರೆ ಸ್ವಲ್ಪ ಹೊತ್ತು ನಡೆಯುವ ಅನುಮತಿ ಚೀಟಿ, ಕೊಡುತ್ತದೆ. ಅದರ ಅವಧಿ ಮುಗಿದರೆ ಆ್ಯಪ್ ತಾನೇ ಹೋಗಿ ಹೊಸದನ್ನು ತರಬೇಕು. ತರುತ್ತಲೂ ಇತ್ತು. ಆಗತಾನೇ ಕೊಟ್ಟ ಟೋಕನ್ನನ್ನು ಸರ್ವರ್ ಮರುಕ್ಷಣವೇ ಒಪ್ಪುವುದಿಲ್ಲವೆಂದರೆ ಏನರ್ಥ? ಅವಮಾನ ಮರೆತುಹೋಗಿ, ಕುತೂಹಲ ಅವಳ ತಲೆ ಕೊರೆಯತೊಡಗಿತು.

ಅಷ್ಟರಲ್ಲಿ ಬಾಗಿಲಲ್ಲಿ ಗಲಾಟೆ. ಒಳಗೆ ಬರುವ ಪಾಸಿನ ವೇಳೆ ಮುಗಿದದ್ದು ಕಂಡು ಅಮ್ಮ, ಭಾವ, ಅಕ್ಕನ ಅತ್ತೆ ಮೂವರೂ ಒಬ್ಬರಿಗೊಬ್ಬರು ಹೇಳದೆ ಕೌಂಟರಿಗೆ ಓಡಿ, ಒಂದೊಂದು ಹೊಸ ಪಾಸ್ ಹಿಡಿದು ಬಂದಿದ್ದರು. ಪ್ರೀತಿ ಹೆಚ್ಚಾದ ಮನೆಗಳ ಪಾಡೇ ಇಷ್ಟು.

"ಜೊತೆಗಿರೋರನ್ನ ಬಿಟ್ಟು ರೋಗಿಗೆ ಒಂದೇ ಪಾಸು. ಹೊಸದು ಕೊಟ್ಟ ಕೂಡಲೇ ಹಳೇದು ರದ್ದು. ಇವರದ್ದು ಮಾತ್ರ ನಡೆಯುತ್ತೆ," ಎಂದು ಕಾವಲುಗಾರ ಅತ್ತೆಯನ್ನು ತೋರಿಸಿದ.

ಅಮ್ಮನೂ ಭಾವನೂ ಮತ್ತೆ ಕೌಂಟರಿನ ಕಡೆ ಹೊರಟರು.

"ಹೋಗ್ಬೇಡಿ," ಎಂದಳು ತಂಗಿ. "ನೀವು ಇನ್ನೊಂದು ತಂದ್ರೆ ಅತ್ತೆದೂ ರದ್ದಾಗುತ್ತೆ. ಆ ಒಂದರಲ್ಲೇ ಎಲ್ಲರೂ..."

ಮಾತು ಅಲ್ಲಿಗೇ ನಿಂತಿತು. ಭಾವ ಪಿಳಿಪಿಳಿ ನೋಡಿದ.

ಅವಳ ಆ್ಯಪ್ ಮಾಡುತ್ತಿದ್ದದ್ದೂ ಇದನ್ನೇ. ಮಗುವಿನ ಚಿತ್ರ, ಮೈಬಿಸಿ, ತೂಕ ತೋರಿಸುವ ಭಾಗಗಳು ಮೂರೂ ತಮ್ಮ ಪಾಡಿಗೆ ಟೋಕನ್ ತರಲು ಓಡುತ್ತಿದ್ದವು. ಒಂದು ತಂದದ್ದನ್ನು ಇನ್ನೊಂದು ಕೆಡಿಸುತ್ತಿತ್ತು. ಅವಳು ಕೋಡ್ ತಿದ್ದಿದಳು: ಅವಧಿ ಮುಗಿದದ್ದು ಯಾವುದಕ್ಕೆ ಮೊದಲು ಗೊತ್ತಾಗುತ್ತದೋ ಅದು ಹೋಗಲಿ, ಉಳಿದವು ಕಾಯಲಿ, ಬಂದದ್ದನ್ನು ಎಲ್ಲವೂ ಹಂಚಿಕೊಳ್ಳಲಿ. ಸರಿಯಾಗಿದೆಯೇ ಎಂದು ನೋಡಿ, ಅಕ್ಕನ ಮೊಬೈಲಿಗೂ ಹಾಕಿಕೊಟ್ಟಳು.

ಟೋಕನ್ ಮುಗಿಯುವ ಹೊತ್ತಿಗೆ ಇಬ್ಬರೂ ಮೊಬೈಲಿನ ಮೇಲೆ ಬಗ್ಗಿದರು. ಪರದೆ ಕಪ್ಪಾಗಲಿಲ್ಲ.

"ಇನ್ನೊಂದ್ ಸಲ ನೋಡೋಣ," ಎಂದಳು ಅಕ್ಕ. ಅವಳಿಗೆ ನಂಬಿಕೆ ಬಂದಿರಲಿಲ್ಲ.

ಮತ್ತೊಮ್ಮೆಯೂ ಚಿತ್ರ ಹೋಗಲಿಲ್ಲ. ಅದರ ಮುಂದಿನ ಸಲ ತಂಗಿ, "ಈಗೇನಂತೀಯ?" ಎಂದು ಹೆಮ್ಮೆಯಿಂದ ತಿರುಗಿದಳು. ದಿಂಬಿನ ಮೇಲಿನ ಮೊಬೈಲಿನಲ್ಲಿ ಮಗು ಕಾಲು ಚಾಚುತ್ತಿತ್ತು. ಹೆತ್ತವಳು ಗೋಡೆಯ ಕಡೆ ತಿರುಗಿ, ಹೆರಿಗೆಯಾದ ಮೇಲೆ ಮೊದಲ ಬಾರಿ, ಗಾಢವಾಗಿ ನಿದ್ದೆ ಮಾಡುತ್ತಿದ್ದಳು.